ಗಿಡದ ಸ್ಟ್ಯಾಂಡಿನ ಕಾಲು ಯಾಕೆ ಕೊಳೆಯಿತು, ಹೊಸದನ್ನು ಹೇಗೆ ಮಾಡುವುದು

ಪ್ರಶ್ನೆ: ಸರ್, ಹೋದ ವರ್ಷ ರೀಪು ಕತ್ತರಿಸಿ, ಮೊಳೆ ಹೊಡೆದು, ಮನೆಯಲ್ಲೇ ಒಂದು ಗಿಡದ ಸ್ಟ್ಯಾಂಡ್ ಮಾಡಿದ್ದೆ. ಆರು ತಿಂಗಳಲ್ಲೇ ಅಲ್ಲಾಡಲು ಶುರುವಾಯಿತು. ಈಗ ನೋಡಿದರೆ ಕಾಲಿನ ತುದಿಗಳು ಕಪ್ಪಾಗಿ ಮೆತ್ತಗಾಗಿವೆ. ಮೊಳೆಗಳ ಸುತ್ತಲೂ ಕಪ್ಪು ಕಲೆ. ಕುಂಡ ಮಣ್ಣಿನದು, ಬಾಯಿ 25 ಸೆಂ.ಮೀ. ಅಗಲ. ಭಾರ ಜಾಸ್ತಿಯಾಯಿತೇನೋ ಅನ್ನಿಸುತ್ತಿದೆ. ಈ ಸಲ ದಪ್ಪ ಮರ ತಂದು ಹೊಸದು ಮಾಡಬೇಕು ಅಂತಿದ್ದೇನೆ. ನನ್ನ ಹತ್ತಿರ ಕೈಗರಗಸ, ಡ್ರಿಲ್ ಮಷಿನ್, ಒಂದು ಉಳಿ ಇವೆ. ಯಾವ ಮರ ತರಲಿ? ಹೇಗೆ ಜೋಡಿಸಲಿ? ಹಳೆಯದರ ಮರ ಏನಾದರೂ ಉಪಯೋಗಕ್ಕೆ ಬರುತ್ತಾ?

ಉತ್ತರ: ದಪ್ಪ ಮರ ತರುವ ಮೊದಲು ಕುಂಡವನ್ನು ಒಮ್ಮೆ ತೂಗಿ ನೋಡಿ. ಚೆನ್ನಾಗಿ ನೀರು ಹಾಕಿ, ಕುಂಡ ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಲ್ಲಿ. ಆಮೇಲೆ ಬರಿಗೈಯಲ್ಲಿ ನಿಲ್ಲಿ. ಎರಡರ ವ್ಯತ್ಯಾಸವೇ ಕುಂಡದ ತೂಕ. 25 ಸೆಂ.ಮೀ. ಬಾಯಿಯ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಕುಂಡ ಸುಮಾರು 8 ಲೀಟರ್ ಮಣ್ಣು ಹಿಡಿಯುತ್ತದೆ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕೆ.ಜಿ. ಅಂದುಕೊಂಡರೆ 12 ಕೆ.ಜಿ. ಆಯಿತು. ಕುಂಡದ್ದೇ 3-4 ಕೆ.ಜಿ. ಇರುತ್ತದೆ. ಒಟ್ಟು 15-16 ಕೆ.ಜಿ. ನಾಲ್ಕು ಕಾಲಿಗೆ ಹಂಚಿದರೆ ಒಂದಕ್ಕೆ 4 ಕೆ.ಜಿ. ಮಾತ್ರ. ನೀವು ಕೂರುವ ಮರದ ಕುರ್ಚಿಯ ಒಂದೊಂದು ಕಾಲೂ ಇದರ ನಾಲ್ಕರಷ್ಟು ಭಾರವನ್ನು ದಿನವೂ ಹೊರುತ್ತದೆ. ಹಾಗಾಗಿ ಭಾರದ ಚಿಂತೆ ಬಿಡಿ. ನಿಮ್ಮ ಸ್ಟ್ಯಾಂಡ್ ಕೆಡಿಸಿದ್ದು ನೀರು. ದಪ್ಪ ಮರ ತಂದು ಹಾಗೇ ಮೊಳೆ ಹೊಡೆದರೆ ಅದೂ ಹೀಗೇ ಕೆಡುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ.

ರಿಪೇರಿಗೆ ಅಂತ ಯಾರಾದರೂ ಸ್ಟ್ಯಾಂಡ್ ತಂದರೆ ನಾನು ಮೊದಲು ಅದನ್ನು ತಲೆಕೆಳಗು ಮಾಡುತ್ತೇನೆ. ಹೆಚ್ಚಿನ ಸಲ ಮೇಲೆಲ್ಲ ಚೆನ್ನಾಗಿರುತ್ತದೆ, ಪಾಲಿಶ್ ಹೊಳೆಯುತ್ತಿರುತ್ತದೆ. ಪಾದಗಳನ್ನು ನೋಡಿದರೆ ಬರೀ ಮರ. ಅಲ್ಲಿ ಯಾರೂ ಬ್ರಷ್ ಆಡಿಸಿರುವುದಿಲ್ಲ. ಕಾಣದ ಜಾಗ ಅಲ್ವಾ, ಬಿಟ್ಟುಬಿಡುತ್ತಾರೆ. ಆದರೆ ಮರ ಅತಿ ಹೆಚ್ಚು ನೀರು ಕುಡಿಯುವುದು ಅಲ್ಲೇ.

ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ. ಮರ ಅಂದರೆ ಒತ್ತಾಗಿ ಕಟ್ಟಿದ ಸಣ್ಣ ಕೊಳವೆಗಳ ಕಂತೆ. ಗಿಡವಾಗಿದ್ದಾಗ ಬೇರಿನಿಂದ ಎಲೆಗೆ ನೀರು ಹೋಗುತ್ತಿದ್ದ ದಾರಿ ಅದು. ರೀಪಿನ ಪಕ್ಕದ ಮೈಯಲ್ಲಿ ಈ ಕೊಳವೆಗಳು ಮಲಗಿರುತ್ತವೆ, ನೀರು ನಿಧಾನಕ್ಕೆ ಇಳಿಯುತ್ತದೆ. ಅಡ್ಡ ಕೊಯ್ದ ತುದಿಯಲ್ಲಿ ಎಲ್ಲವೂ ಬಾಯಿ ತೆರೆದುಕೊಂಡಿರುತ್ತವೆ. ಒಂದು ತುಂಡು ಮರದ ತುದಿಯನ್ನು ಬಣ್ಣದ ನೀರಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಉದ್ದಕ್ಕೆ ಸೀಳಿ ನೋಡಿ. ಬಣ್ಣ ಎಷ್ಟು ಮೇಲೆ ಹತ್ತಿದೆ ಅಂತ ಕಣ್ಣಾರೆ ಕಾಣುತ್ತದೆ. ನಿಮ್ಮ ಸ್ಟ್ಯಾಂಡಿನ ನಾಲ್ಕು ಪಾದಗಳೂ ಇಂಥ ತುದಿಗಳೇ. ನೀರು ಹಾಕಿದಾಗಲೆಲ್ಲ ಹೊರಗೆ ಚೆಲ್ಲಿದ್ದು, ನೆಲ ಒರೆಸಿದ್ದು, ಎಲ್ಲವನ್ನೂ ಅವು ಮೇಲಕ್ಕೆ ಎಳೆದುಕೊಂಡಿವೆ.

ಮರವನ್ನು ಕೊಳೆಸುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದ್ದು. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಅಲ್ಲಿ ಬದುಕೇ ಇಲ್ಲ. ಮಳೆ ತಾಗದ ಹಳೆಯ ಕಟ್ಟಡಗಳಲ್ಲಿ ತೊಲೆಗಳು ನೂರಾರು ವರ್ಷ ಗಟ್ಟಿಯಾಗಿ ಉಳಿದಿರುವುದು ಇದರಿಂದಲೇ. ಹಾಗಂತ ಗಿಡದ ಸ್ಟ್ಯಾಂಡ್ ಒದ್ದೆಯೇ ಆಗಬಾರದು ಅಂದರೆ ಆಗುವ ಮಾತಲ್ಲ. ಒದ್ದೆಯಾದದ್ದು ಬೇಗ ಒಣಗಬೇಕು. ನೀರು ನಿಲ್ಲುವ ಸಂದು ಇರಬಾರದು, ಅಡಿಯಲ್ಲಿ ಗಾಳಿ ಆಡಬೇಕು, ಕೊಯ್ದ ತುದಿಗಳ ಬಾಯಿ ಮುಚ್ಚಿರಬೇಕು.

ಮೊಳೆಗಳ ಸುತ್ತಲಿನ ಕಪ್ಪು ಬೇರೆ ಕಥೆ. ಅದು ಕೊಳೆತದ್ದಲ್ಲ. ಹಲವು ಮರಗಳಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಇರುತ್ತದೆ. ಕಬ್ಬಿಣ, ನೀರು, ಟ್ಯಾನಿನ್ ಮೂರೂ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನೇ ಹೀಗೆ ಕಬ್ಬಿಣದ ಲವಣ ಮತ್ತು ಮರದ ಒಗರು ಸೇರಿಸಿ ಮಾಡುತ್ತಿದ್ದರು. ಅಂದರೆ ನಿಮ್ಮ ಮೊಳೆಯ ಬುಡಕ್ಕೂ ನೀರು ಇಳಿದಿದೆ ಅಂತ ಅರ್ಥ. ಅಲ್ಲಾಟಕ್ಕೂ ಕಾರಣ ಅದೇ. ತೇವ ಏರಿದಾಗ ಮರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ, 10 ಸೆಂ.ಮೀ. ಹಲಗೆ ಕೂಡ ಋತು ಬದಲಾದಾಗ 1-2 ಮಿ.ಮೀ. ಹಿಗ್ಗಿ ಕುಗ್ಗಬಹುದು. ಮೊಳೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಾಲ್ಕಾರು ಸಲ ಹೀಗಾದ ಮೇಲೆ ತೂತು ಸಡಿಲವಾಗುತ್ತದೆ. ಮೇಲಾಗಿ, ಕೊಯ್ದ ತುದಿಯೊಳಗೆ ಹೊಡೆದ ಮೊಳೆಗೆ ಮೊದಲೇ ಹಿಡಿತ ಕಡಿಮೆ. ಅಲ್ಲಿ ಮೊಳೆ ನಾರುಗಳ ನಡುವೆ ಉದ್ದಕ್ಕೆ ಜಾರಿ ಕೂತಿರುತ್ತದೆ, ನಾರು ಅದನ್ನು ಅಡ್ಡಲಾಗಿ ಕಚ್ಚಿ ಹಿಡಿಯುವುದಿಲ್ಲ.

ಇನ್ನು ಮರದ ವಿಷಯ. ತೇಗ ಸಿಕ್ಕರೆ ಕಣ್ಣು ಮುಚ್ಚಿ ತನ್ನಿ ಅಂತ ಹೇಳುವವರಿದ್ದಾರೆ. ನಾನು ಕಣ್ಣು ಬಿಟ್ಟು ತನ್ನಿ ಅನ್ನುತ್ತೇನೆ. ತೇಗದಲ್ಲಿ ಬಾಳಿಕೆ ಬರುವುದು ಒಳಗಿನ ಕಂದು ಬಣ್ಣದ ಚೇಗು. ಅದರಲ್ಲಿ ಸಹಜವಾಗಿ ಎಣ್ಣೆಯ ಅಂಶ ಇರುತ್ತದೆ, ಕುಗ್ಗುವಿಕೆಯೂ ಕಡಿಮೆ. ತೊಗಟೆಯ ಕಡೆಯ ಬಿಳಿ ಭಾಗ ಯಾವ ಮರದ್ದಾದರೂ ಬೇಗ ಕೊಳೆಯುತ್ತದೆ, ತೇಗದ್ದೂ ಅಷ್ಟೇ. ರೀಪಿನ ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿ ಇದ್ದರೆ ಬಿಟ್ಟುಬಿಡಿ. ಹಲಸು, ಹೊನ್ನೆ, ಮತ್ತಿ ಇಂಥವುಗಳ ಚೇಗೂ ಒಳ್ಳೆಯದೇ. ಪೈನ್ ಕತ್ತರಿಸಲು ಸಲೀಸು, ಹಗುರ, ಕೈ ಪಳಗದವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ನೀರಿಗೆ ತಡೆಯುವುದಿಲ್ಲ. ಸ್ಟ್ಯಾಂಡ್ ಮನೆಯೊಳಗೇ ಇರುತ್ತದೆ, ವಾರ್ನಿಷ್ ಸರಿಯಾಗಿ ಹೊಡೆಯುತ್ತೇನೆ ಅನ್ನುವುದಾದರೆ ಪೈನ್ ಸಾಕು. ರಬ್ಬರ್ ಮರ ನೋಡಲು ಚೆಂದ, ಆದರೆ ತೇವ ಸೇರಿದರೆ ಬೂಷ್ಟು, ಹುಳು ಎರಡೂ ಬೇಗ ಹಿಡಿಯುತ್ತವೆ. ಮರದ ನಾರು, ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಸಾಮಾನು ಸಾಗಿಸುವ ಪ್ಯಾಲೆಟ್ ಮರ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಇರುವಂತೆ ಕಾಯಿಸಿದ್ದಾರೆ ಅಂತ, ಅದನ್ನು ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟಿದ್ದಾರೆ. ಅದನ್ನು ಮನೆಯೊಳಗೆ ತರಬೇಡಿ. ಮುದ್ರೆಯೇ ಇಲ್ಲದ್ದು, ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿದ ಕಲೆ ಇರುವುದು ಕೂಡ ಬೇಡ.

ಜಾತಿಗಿಂತ ಒಣಗಿರುವುದು ಮುಖ್ಯ. ಎರಡು ತುಂಡು ಹಿಡಿದು ಒಂದಕ್ಕೊಂದು ತಟ್ಟಿ. ಒಣಗಿದ ಮರ ಟಣ್ ಅನ್ನುತ್ತದೆ, ಹಸಿಯದ್ದು ಮಂಕಾಗಿ ಸದ್ದು ಮಾಡುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅಂಟುವಂತಿದ್ದರೆ ಇನ್ನೂ ಹಸಿ. ತಂದ ಕೂಡಲೇ ಕೊಯ್ಯಬೇಡಿ. ಗಾಳಿಯಾಡುವಂತೆ ನಡುವೆ ಸಣ್ಣ ಪಟ್ಟಿ ಇಟ್ಟು, ಸ್ಟ್ಯಾಂಡ್ ಇರಬೇಕಾದ ಕೋಣೆಯಲ್ಲೇ ಎರಡು ವಾರ ಬಿಡಿ. ತಿರುಚಿಕೊಳ್ಳುವುದಿದ್ದರೆ ಈಗಲೇ ತಿರುಚಿಕೊಳ್ಳಲಿ. ರೀಪನ್ನು ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೆ ನೋಡಿದರೆ ಬಾಗು ಗೊತ್ತಾಗುತ್ತದೆ. ಸಣ್ಣ ಗಂಟು ಇದ್ದರೆ ತೊಂದರೆಯಿಲ್ಲ, ಆದರೆ ಜೋಡಣೆ ಬರುವ ಜಾಗದಲ್ಲಿ ಗಂಟು ಬರಬಾರದು.

ನಿಮ್ಮ ಕುಂಡಕ್ಕೆ ನಾನು ಹೇಳುವ ಮಾದರಿ ಇದು. ನಾಲ್ಕು ಕಾಲು, ನಡುವೆ ಕೂಡಿಸುವ ಚಿಹ್ನೆಯ ಹಾಗೆ ಎರಡು ಅಡ್ಡಪಟ್ಟಿ. ಕುಂಡ ಆ ಪಟ್ಟಿಗಳ ಮೇಲೆ ಕಾಲುಗಳ ನಡುವೆ ಕೂರುತ್ತದೆ. ಹಲಗೆ ಇಲ್ಲ, ಆದ್ದರಿಂದ ನೀರು ನಿಲ್ಲಲು ಜಾಗವೂ ಇಲ್ಲ. ಕಾಲಿಗೆ 30 ಮಿ.ಮೀ. ಚೌಕದ ರೀಪು, 40 ಸೆಂ.ಮೀ. ಉದ್ದದ ನಾಲ್ಕು ತುಂಡು. ಅಡ್ಡಪಟ್ಟಿಗೆ 40 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಪಟ್ಟಿ, 26 ಸೆಂ.ಮೀ. ಉದ್ದದ ಎರಡು ತುಂಡು. ಪಟ್ಟಿಯನ್ನು ಚಪ್ಪಟೆಯಾಗಿ ಮಲಗಿಸುವುದಲ್ಲ, ಅಂಚಿನ ಮೇಲೆ ನಿಲ್ಲಿಸುವುದು. ಹಾಗೆ ನಿಲ್ಲಿಸಿದರೆ ಬಾಗುವುದಿಲ್ಲ, ಕಾಲಿಗೆ ತಾಗುವ ಎತ್ತರವೂ ಹೆಚ್ಚಾಗಿ ಅಲ್ಲಾಟ ತಪ್ಪುತ್ತದೆ. 8 ಮಿ.ಮೀ. ದಪ್ಪದ ಮರದ ಕಡ್ಡಿ, ಡೋವೆಲ್ ಅಂತ ಕೇಳಿದರೆ ಕೊಡುತ್ತಾರೆ, ಅದು ಒಂದು 65 ಸೆಂ.ಮೀ. ಬೇಕು.

25 ಸೆಂ.ಮೀ. ಕುಂಡಕ್ಕೆ 26 ಸೆಂ.ಮೀ. ಜಾಗ ಯಾಕೆ? ಮಣ್ಣಿನ ಕುಂಡ ಪೂರ್ತಿ ಗುಂಡಗೆ ಇರುವುದಿಲ್ಲ. ಎತ್ತಿ ಇಳಿಸಲೂ ಸಲೀಸಾಗಬೇಕು. ಇಲ್ಲೊಂದು ಮಾತು, ಬಹಳ ಜನ ಮರೆಯುತ್ತಾರೆ: ಕುಂಡದ ಅಡಿಗೆ ಇಡುವ ತಟ್ಟೆಯನ್ನೂ ಅಳೆಯಿರಿ. ಅದೂ ಕಾಲುಗಳ ನಡುವೆಯೇ ಕೂರಬೇಕು. ತಟ್ಟೆ 26ಕ್ಕಿಂತ ಅಗಲವಿದ್ದರೆ ಅಡ್ಡಪಟ್ಟಿಯ ಉದ್ದವನ್ನು ಅದಕ್ಕೆ ತಕ್ಕಂತೆ ಬದಲಿಸಿ.

ಎತ್ತರದ ಆಸೆ ಬೇಡ. ಕುಂಡದ ತಳ ನೆಲದಿಂದ 20 ಸೆಂ.ಮೀ. ಮೇಲಿದ್ದರೆ ಸಾಕು. ಎದುರುಬದುರು ಕಾಲುಗಳ ಹೊರ ಅಳತೆ 32 ಸೆಂ.ಮೀ. ಇದ್ದರೂ ಸ್ಟ್ಯಾಂಡ್ ಉರುಳುವುದು ಅಕ್ಕಪಕ್ಕದ ಎರಡು ಕಾಲುಗಳನ್ನು ಸೇರಿಸುವ ಗೆರೆಯ ಮೇಲೆ. ನಡುವಿನಿಂದ ಆ ಗೆರೆಗೆ ಇರುವುದು ಸುಮಾರು 12 ಸೆಂ.ಮೀ. ಮಾತ್ರ. ತಳ 20 ಸೆಂ.ಮೀ. ಎತ್ತರದಲ್ಲಿದ್ದರೆ ಸ್ಟ್ಯಾಂಡ್ ಹೆಚ್ಚುಕಡಿಮೆ 20 ಡಿಗ್ರಿ ವಾಲುವ ತನಕ ಬೀಳುವುದಿಲ್ಲ. ಅದೇ ಕಾಲುಗಳನ್ನು ಉದ್ದ ಮಾಡಿ ತಳವನ್ನು 50 ಸೆಂ.ಮೀ.ಗೆ ಏರಿಸಿದರೆ 11 ಡಿಗ್ರಿಗೇ ಉರುಳುತ್ತದೆ. ಮೇಲೆ ಗಿಡ ದೊಡ್ಡದಿದ್ದರೆ ಇನ್ನೂ ಬೇಗ. ಓಡಾಡುವ ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಇದು ತುಂಬಾ ಮುಖ್ಯ. 15 ಕೆ.ಜಿ. ಕುಂಡ ಮಗುವಿನ ಮೇಲೆ ಬೀಳಬಾರದು.

ಗುರುತು ಹಾಕುವಾಗ ನಾಲ್ಕು ಕಾಲನ್ನೂ ಒಟ್ಟಿಗೆ ಪಕ್ಕಪಕ್ಕ ಇಟ್ಟು, ತುದಿ ಸಮ ಮಾಡಿ, ಹಗ್ಗದಲ್ಲಿ ಬಿಗಿಯಿರಿ. ಪಾದದಿಂದ 16 ಸೆಂ.ಮೀ.ಗೆ ಒಂದು ಗೆರೆ, 20 ಸೆಂ.ಮೀ.ಗೆ ಒಂದು ಗೆರೆ, ಮೂಲೆಮಟ್ಟ ಹಿಡಿದು ನಾಲ್ಕರ ಮೇಲೂ ಒಂದೇ ಸಲ ಎಳೆಯಿರಿ. ಒಂದೊಂದನ್ನೇ ಬೇರೆ ಬೇರೆ ಅಳೆದರೆ ಅರ್ಧ ಮಿ.ಮೀ., ಒಂದು ಮಿ.ಮೀ. ಹೀಗೆ ವ್ಯತ್ಯಾಸ ಸೇರುತ್ತಾ ಹೋಗುತ್ತದೆ. ಒಟ್ಟಿಗೆ ಎಳೆದಾಗ ಗೆರೆ ಒಂದು ಕೂದಲು ಆಚೀಚೆ ಆದರೂ ನಾಲ್ಕರಲ್ಲೂ ಅಷ್ಟೇ ಆಗಿರುತ್ತದೆ, ಸ್ಟ್ಯಾಂಡ್ ಸಮವಾಗಿಯೇ ನಿಲ್ಲುತ್ತದೆ.

ಅಡ್ಡಪಟ್ಟಿಗಳು ಒಂದರೊಳಗೊಂದು ಕೂರಲು ಎರಡಕ್ಕೂ ನಟ್ಟನಡುವೆ ಕಚ್ಚು ತೆಗೆಯಬೇಕು. 26 ಸೆಂ.ಮೀ. ಪಟ್ಟಿಯಲ್ಲಿ ತುದಿಯಿಂದ 12 ಸೆಂ.ಮೀ. ಬಿಟ್ಟು 2 ಸೆಂ.ಮೀ. ಅಗಲದ ಕಚ್ಚು, ಆಚೆ ಮತ್ತೆ 12 ಸೆಂ.ಮೀ. ಆಳ ಪಟ್ಟಿಯ ಅರ್ಧ, ಅಂದರೆ 2 ಸೆಂ.ಮೀ. ಒಂದಕ್ಕೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ. ಕಚ್ಚಿನ ಅಗಲವನ್ನು ಸ್ಕೇಲಿನಿಂದ ಅಳೆಯಬೇಡಿ. ಇನ್ನೊಂದು ಪಟ್ಟಿಯನ್ನೇ ಅಡ್ಡ ಇಟ್ಟು ಅದರ ಎರಡೂ ಬದಿಗೆ ಚೂಪಾದ ಚಾಕುವಿನಿಂದ ಗೀರಿ. ನಿಮ್ಮ ಪಟ್ಟಿ ನಿಜವಾಗಿ 19 ಮಿ.ಮೀ. ದಪ್ಪವಿದ್ದರೆ ಆಗ ಕಚ್ಚೂ ತಾನಾಗಿ 19 ಆಗುತ್ತದೆ. ಪೆನ್ಸಿಲ್ ಗೆರೆಗೆ ಅದರದ್ದೇ ದಪ್ಪ ಇರುತ್ತದೆ, ಚಾಕುವಿನ ಗೀರಿಗೆ ಇರುವುದಿಲ್ಲ.

ಗರಗಸವನ್ನು ಗೀರಿನ ಮೇಲೆ ಇಡಬೇಡಿ, ತೆಗೆದು ಬಿಸಾಡುವ ಮರದ ಕಡೆಗೆ ಗೀರಿಗೆ ತಾಗಿದಂತೆ ಇಡಿ. ಎರಡು ಬದಿ ಕೊಯ್ದ ಮೇಲೆ ನಡುವೆಯೂ ಒಂದೆರಡು ಸಲ ಅಷ್ಟೇ ಆಳ ಕೊಯ್ದುಬಿಡಿ, ಉಳಿಗೆ ಕೆಲಸ ಹಗುರವಾಗುತ್ತದೆ. ಉಳಿಯಿಂದ ಒಂದು ಮುಖದಿಂದ ಅರ್ಧದ ತನಕ ತೆಗೆಯಿರಿ, ತಿರುಗಿಸಿ ಇನ್ನೊಂದು ಮುಖದಿಂದ ಉಳಿದರ್ಧ. ಒಂದೇ ಕಡೆಯಿಂದ ಪೂರ್ತಿ ಹೊಡೆದರೆ ಆಚೆ ಬದಿ ಸಿಗುರು ಎದ್ದು ಕಿತ್ತು ಬರುತ್ತದೆ. ಪಟ್ಟಿಯನ್ನು ಟೇಬಲ್ಲಿಗೆ ಬಿಗಿದಿರಿ, ಎರಡು ಕೈಯೂ ಉಳಿಯ ಬಾಯಿಯ ಹಿಂದೆಯೇ ಇರಲಿ. ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದು ಕೈಯಲ್ಲಿ ಉಳಿ ತಳ್ಳುವುದರಿಂದಲೇ ಅಂಗೈಗೆ ಗಾಯವಾಗುವುದು.

ಕಚ್ಚು ಹೇಗೆ ಕೂರಬೇಕು ಅಂದರೆ, ಕೈಯಲ್ಲಿ ಒತ್ತಿದರೆ ಮುಕ್ಕಾಲು ಇಳಿಯಬೇಕು, ಉಳಿದದ್ದು ಕೊಡತಿಯ ಮೆಲ್ಲನೆಯ ಏಟಿಗೆ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾದರೆ ಅದು ತೀರಾ ಬಿಗಿ, ಪಟ್ಟಿ ಸೀಳುತ್ತದೆ. ಬಿಗಿ ಇದ್ದರೆ ಕಚ್ಚನ್ನು ಅಗಲ ಮಾಡಬೇಡಿ, ಪಟ್ಟಿಯ ಮೈಯನ್ನು ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಉಜ್ಜಿ. ಮೊದಲ ಸಲವಾದರೆ ಬೇಡದ ತುಂಡಿನಲ್ಲಿ ಎರಡು ಕಚ್ಚು ತೆಗೆದು ಅಭ್ಯಾಸ ಮಾಡಿಕೊಳ್ಳಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಿದರೆ ನಿಮಗೇ ಖುಷಿಯಾಗುತ್ತದೆ.

ಈಗ ಜೋಡಣೆ, ಇದು ನನಗೆ ತುಂಬಾ ಇಷ್ಟದ ಭಾಗ. ಎರಡು ಕಾಲು, ನಡುವೆ ಒಂದು ಅಡ್ಡಪಟ್ಟಿ, ಇಂಥ ಎರಡು ಚೌಕಟ್ಟು ಬೇರೆ ಬೇರೆ ಮಾಡಿಕೊಳ್ಳಿ. ಕಾಲುಗಳನ್ನು ಸಮತಟ್ಟಾದ ಟೇಬಲ್ ಮೇಲೆ ಮಲಗಿಸಿ, ಗುರುತಿನ ನಡುವೆ ಪಟ್ಟಿ ಇಡಿ. ಕಾಲು 30 ದಪ್ಪ, ಪಟ್ಟಿ 20, ಹಾಗಾಗಿ ಪಟ್ಟಿ ಸರಿಯಾಗಿ ನಡುವೆ ಬರಲು ಅಡಿಗೆ 5 ಮಿ.ಮೀ. ದಪ್ಪದ ರಟ್ಟೋ ಚಕ್ಕೆಯೋ ಕೊಡಬೇಕು. ಉದ್ದ ಕ್ಲಾಂಪ್ ಇಲ್ಲದಿದ್ದರೆ ಚಿಂತೆಯಿಲ್ಲ. ಚೌಕಟ್ಟಿನ ಸುತ್ತ ಹಗ್ಗ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚುತ್ತಾ ಹೋಗಿ, ಕ್ಲಾಂಪಿನಷ್ಟೇ ಬಿಗಿಯಾಗುತ್ತದೆ. ಕಾಲುಗಳ ನಡುವಿನ ಅಂತರ ಮೇಲ್ತುದಿಯಲ್ಲೂ ಪಾದದಲ್ಲೂ 26 ಸೆಂ.ಮೀ. ಇದೆಯಾ ನೋಡಿ. ಇದ್ದರೆ ಕಾಲುಗಳು ನೆಟ್ಟಗಿವೆ ಅಂತ.

ಬಿಗಿದದ್ದು ಬಿಗಿದಂತೆಯೇ, ಕಾಲಿನ ಹೊರಮುಖದಿಂದ ತೂತು ಕೊರೆಯಿರಿ. ಪಟ್ಟಿಯ ಮೇಲಂಚಿನಿಂದ 12 ಮಿ.ಮೀ. ಕೆಳಗೆ ಒಂದು, ಕೆಳ ಅಂಚಿನಿಂದ 12 ಮಿ.ಮೀ. ಮೇಲೆ ಒಂದು. 8 ಮಿ.ಮೀ. ಬಿಟ್, ಆಳ 70 ಮಿ.ಮೀ. ಕಾಲಿನಲ್ಲಿ 30 ದಾಟಿ ಪಟ್ಟಿಯೊಳಗೆ 40 ಹೋಗುತ್ತದೆ. ಆಳ ಗೊತ್ತಾಗಲು ಬಿಟ್ಟಿಗೆ ಒಂದು ಟೇಪ್ ಸುತ್ತಿಕೊಳ್ಳಿ. ಕಾಲು, ಪಟ್ಟಿ ಎರಡನ್ನೂ ಒಟ್ಟಿಗೆ ಕೊರೆಯುವುದರಿಂದ ತೂತುಗಳು ಹೊಂದದೆ ಹೋಗುವ ಪ್ರಶ್ನೆಯೇ ಇಲ್ಲ. ಎರಡನ್ನೂ ಬೇರೆ ಬೇರೆ ಕೊರೆದು ಹೊಂದಿಸಲು ಪಳಗಿದ ಕೈ ಬೇಕು, ಇದಕ್ಕೆ ತಾಳ್ಮೆ ಇದ್ದರೆ ಸಾಕು. ಡ್ರಿಲ್ ನೇರ ಇದೆಯಾ ಅಂತ ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿ ನೋಡಿಕೊಳ್ಳಿ. ಇನ್ನೊಬ್ಬರು ಬದಿಯಿಂದ ನೋಡುತ್ತಿದ್ದರೆ ಇನ್ನೂ ಒಳ್ಳೆಯದು.

ಮರದ ಕಡ್ಡಿಯಿಂದ 75 ಮಿ.ಮೀ. ಉದ್ದದ ಎಂಟು ಗೂಟ ಕತ್ತರಿಸಿ. ಒಂದು ತುದಿಯ ಅಂಚನ್ನು ಉಜ್ಜಿ ಸ್ವಲ್ಪ ಚೂಪು ಮಾಡಿ. ಪ್ರತಿ ಗೂಟದ ಉದ್ದಕ್ಕೂ ಗರಗಸದಿಂದ ಒಂದು ಸಣ್ಣ ಗೀರು ಹಾಕುವುದನ್ನು ಮರೆಯಬೇಡಿ. ಗೂಟ ಒಳಗೆ ಹೋದಂತೆ ಗಾಳಿ ಮತ್ತು ಹೆಚ್ಚಾದ ಅಂಟು ಹೊರಗೆ ಬರಲು ಅದೇ ದಾರಿ. ಗೀರು ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಅಂಟಿನ ಒತ್ತಡಕ್ಕೆ ಪಟ್ಟಿ ಸೀಳಿದ್ದನ್ನು ನಾನು ನೋಡಿದ್ದೇನೆ. ತೂತಿನ ಒಳಗೂ ಗೂಟದ ಮೈಗೂ ಅಂಟು ಸವರಿ ಮೆಲ್ಲನೆ ಹೊಡೆಯಿರಿ. ಅದಕ್ಕೂ ಮೊದಲು ಹಗ್ಗ ಸಡಿಲಿಸಿ ಪಟ್ಟಿಯ ತುದಿಗೂ ಸವರಿ. ಆ ತುದಿ ಅಂಟನ್ನು ಕುಡಿದುಬಿಡುತ್ತದೆ, ಅದಕ್ಕೆ ಮೊದಲು ತೆಳುವಾಗಿ ಒಂದು ಸಲ ಸವರಿ, ಐದು ನಿಮಿಷ ಬಿಟ್ಟು ಇನ್ನೊಂದು ಸಲ ಸವರಿ, ಮತ್ತೆ ಬಿಗಿಯಿರಿ. ಅಂಟು ನೀರು ತಡೆಯುವಂಥದ್ದೇ ಇರಲಿ. ಸಾಮಾನ್ಯ ಬಿಳಿ ಅಂಟು ತೇವ ತಗುಲಿದರೆ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ಡಿ3 ಅಂತ ಇದ್ದರೆ ಮನೆಯೊಳಗಿನ ಸ್ಟ್ಯಾಂಡಿಗೆ ಸಾಕು. ಒಂದು ಇಡೀ ದಿನ ಬಿಗಿದೇ ಇಡಿ. ಒಣಗಿದ ಮೇಲೆ ಹೊರಗೆ ಉಳಿದ ಗೂಟದ ತುದಿ ಕತ್ತರಿಸಿ, ಉಜ್ಜಿ ಸಮ ಮಾಡಿ.

ಕಡ್ಡಿ ಸಿಗದಿದ್ದರೆ ಸ್ಕ್ರೂ ಹಾಕಬಹುದು. ಒಂದು ಕಾಲಿಗೆ ಎರಡು ಹಾಕಿ, ಒಂದೇ ಇದ್ದರೆ ಪಟ್ಟಿ ಅದರ ಸುತ್ತ ತಿರುಗುತ್ತದೆ. ಮೊದಲು ಸಣ್ಣ ತೂತು ಕೊರೆದೇ ಹಾಕಿ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದ್ದಾದರೆ ಆ ಕಪ್ಪು ಕಲೆಯೂ ಬರುವುದಿಲ್ಲ. ಆದರೂ ನನ್ನ ಮನಸ್ಸು ಗೂಟದ ಕಡೆಗೇ. ಗೂಟದ ನಾರೂ ಪಟ್ಟಿಯ ನಾರೂ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅಂಟು ಎರಡನ್ನೂ ಪೂರ್ತಿ ಹಿಡಿಯುತ್ತದೆ. ಗೂಟವೂ ಮರವೇ ಆದ್ದರಿಂದ ಉಬ್ಬಿ ಕುಗ್ಗುವಾಗ ಸುತ್ತಲಿನ ಮರದ ಜೊತೆಗೇ ಹೋಗುತ್ತದೆ.

ಎರಡು ಚೌಕಟ್ಟೂ ಆದ ಮೇಲೆ ಕಚ್ಚಿಗೆ ಅಂಟು ಸವರಿ ಒಂದನ್ನು ಇನ್ನೊಂದರ ಮೇಲಿನಿಂದ ಇಳಿಸಿ. ಕೂತ ಕೂಡಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಕುಂಟುತ್ತದೆಯಾ ನೋಡಿ. ಸ್ವಲ್ಪ ಕುಂಟಿದರೆ ಗಾಬರಿ ಬೇಡ, ನನ್ನದೂ ಎಷ್ಟೋ ಸಲ ಕುಂಟುತ್ತದೆ. ಅಂಟು ಒಣಗಿದ ಮೇಲೆ ಎತ್ತಿದ ಕಾಲಿಗೆ ಬೆಣೆ ಕೊಟ್ಟು ಸ್ಟ್ಯಾಂಡನ್ನು ಅಲುಗದಂತೆ ನಿಲ್ಲಿಸಿ. ಒಂದು ಸಣ್ಣ ಮರದ ಚಕ್ಕೆಯ ಮೇಲೆ ಪೆನ್ಸಿಲ್ ಮಲಗಿಸಿ, ಚಕ್ಕೆಯನ್ನು ನೆಲದ ಮೇಲೆ ಜಾರಿಸುತ್ತಾ ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆಯಿರಿ. ಆ ಗೆರೆಗೆ ಕೊಯ್ದರೆ ನಾಲ್ಕೂ ನೆಲಕ್ಕೆ ಸಮವಾಗಿ ಕೂರುತ್ತವೆ. ಕಣ್ಣಂದಾಜಿನಲ್ಲಿ ಒಂದು ಕಾಲು ಉಜ್ಜಿ, ಆಮೇಲೆ ಇನ್ನೊಂದು ಉಜ್ಜಿ, ಹೀಗೆ ಹೋದರೆ ಸ್ಟ್ಯಾಂಡ್ ಗಿಡ್ಡವಾಗುತ್ತದೆ, ಕುಂಟುವುದು ನಿಲ್ಲುವುದಿಲ್ಲ.

ಉಜ್ಜುವುದಕ್ಕೆ 80, 120, 180 ನಂಬರಿನ ಸ್ಯಾಂಡ್‌ಪೇಪರ್, ಯಾವಾಗಲೂ ನಾರಿನ ಉದ್ದಕ್ಕೇ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಕಾಲುಗಳ ಚೂಪು ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ಅಂಚು ಚೂಪಾಗಿದ್ದರೆ ವಾರ್ನಿಷ್ ಅಲ್ಲಿ ನಿಲ್ಲದೆ ತೆಳ್ಳಗಾಗಿ, ನೀರು ಮೊದಲು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಪಾದದ ಅಂಚುಗಳನ್ನು ಇನ್ನೂ ಸ್ವಲ್ಪ ಜಾಸ್ತಿ ಉಜ್ಜಿ, ಎಳೆದಾಡುವಾಗ ಸೀಳುವುದಿಲ್ಲ.

ಈಗ ಪಾದಗಳಿಗೆ ಬರೋಣ. ಇಡೀ ಕೆಲಸದಲ್ಲಿ ಏನನ್ನು ಬೇಕಾದರೂ ಅವಸರದಲ್ಲಿ ಮಾಡಿ, ಇದೊಂದನ್ನು ಮಾತ್ರ ಮಾಡಬೇಡಿ. ನಾಲ್ಕು ಡಬ್ಬಿ ಮುಚ್ಚಳ ತೆಗೆದುಕೊಳ್ಳಿ. ತಿನ್ನರ್ ಬೆರೆಸಿ ತೆಳು ಮಾಡಿದ ವಾರ್ನಿಷನ್ನು ಒಂದೊಂದರಲ್ಲೂ ಅರ್ಧ ಸೆಂ.ಮೀ. ಹಾಕಿ, ಪಾದಗಳನ್ನು ಅದರೊಳಗೆ ಅರ್ಧ ಗಂಟೆ ನಿಲ್ಲಿಸಿ. ಮುಚ್ಚಳ ಬರಿದಾಗುತ್ತಾ ಬರುವುದು ಕಾಣುತ್ತದೆ. ಮರ ಎಷ್ಟು ಕುಡಿಯುತ್ತದೋ ಕುಡಿಯಲಿ, ಮುಂದೆ ನೀರು ಕುಡಿಯಬೇಕಿದ್ದ ಜಾಗ ಅದು. ಒಣಗಿದ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಮೂರನೆಯ ಸಲಕ್ಕೆ ಕುಡಿಯುವುದು ಬಹುಪಾಲು ನಿಂತಿರುತ್ತದೆ. ಕೊನೆಗೆ ಪಾದದಡಿಗೆ 3-5 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ಅಥವಾ ನೈಲಾನ್ ಬಟನ್ ಹಾಕಿ. ನೆಲದಲ್ಲಿ ನೀರು ಇದ್ದರೂ ಮರಕ್ಕೆ ತಾಗುವುದಿಲ್ಲ. ಉಣ್ಣೆಯಂಥ ಮೆತ್ತನೆಯ ಫೆಲ್ಟ್ ಪ್ಯಾಡ್ ಅಂಟಿಸಬೇಡಿ. ಕುರ್ಚಿಗೆ ಅದು ಸರಿ, ಇಲ್ಲಿ ಸ್ಪಾಂಜಿನ ಹಾಗೆ ನೀರು ಹಿಡಿದಿಟ್ಟು ಪಾದಕ್ಕೇ ಉಣಿಸುತ್ತದೆ.

ಉಳಿದ ಮೈಗೆ ಪಾಲಿಯುರೆಥೇನ್ ವಾರ್ನಿಷ್ ಮೂರು ತೆಳು ಕೋಟ್. ಪ್ರತಿ ಕೋಟಿನ ನಡುವೆ 320 ನಂಬರಿನಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಕಚ್ಚಿನ ಸಂದು, ಪಟ್ಟಿಯ ಅಡಿಭಾಗ, ಗೂಟದ ತುದಿಗಳು, ಯಾವುದನ್ನೂ ಬಿಡಬೇಡಿ. ಅರಗಿನ ಪಾಲಿಶ್ ಇಲ್ಲಿ ಬೇಡ, ನೀರು ನಿಂತರೆ ಬೆಳ್ಳಗೆ ಉಂಗುರ ಬೀಳುತ್ತದೆ. ಅಡುಗೆ ಎಣ್ಣೆ ಸವರುವವರಿದ್ದಾರೆ. ಅದು ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಒಣಗುವ ಅಗಸೆ ಎಣ್ಣೆ ಬಳಸುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಸೇರಿಕೊಂಡ ಬಿಸಿಗೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ವಾರ್ನಿಷ್ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಆದರೆ ಒಳಗೆ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಅದಕ್ಕೆ ಮೊದಲೇ 15 ಕೆ.ಜಿ. ಇಟ್ಟರೆ ತಟ್ಟೆ ಅಂಟಿಕೊಂಡು, ಎತ್ತುವಾಗ ವಾರ್ನಿಷ್ ಕಿತ್ತುಬರುತ್ತದೆ.

ಈ ಮಾದರಿಗೆ ಒಂದು ದೌರ್ಬಲ್ಯ ಇದೆ, ಅದನ್ನೂ ಹೇಳಬೇಕು. ಬಹಳಷ್ಟು ಕುಂಡಗಳಿಗೆ ನೀರಿನ ತೂತು ತಳದ ನಟ್ಟನಡುವೆ ಇರುತ್ತದೆ. ಸ್ಟ್ಯಾಂಡಿನ ಕಚ್ಚೂ ನಟ್ಟನಡುವೆ. ಕುಂಡವನ್ನು ಹಾಗೇ ಇಟ್ಟರೆ ಬಸಿದ ನೀರೆಲ್ಲ ನೇರ ಕಚ್ಚಿನ ಸಂದಿಗೆ ಬೀಳುತ್ತದೆ. ಅದಕ್ಕೇ ತಟ್ಟೆ ಬೇಕೇ ಬೇಕು. ಮಣ್ಣಿನ ತಟ್ಟೆಗೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲದಿದ್ದರೆ ಅದರ ಮೈಯಿಂದಲೂ ತೇವ ಜಿನುಗುತ್ತದೆ, ಹಾಗಾಗಿ ಗ್ಲೇಜ್ ಇರುವುದು ಅಥವಾ ಪ್ಲಾಸ್ಟಿಕ್ ತಟ್ಟೆ ಇಡಿ. ಪಟ್ಟಿಗಳ ಮೇಲೆ ತಟ್ಟೆ ಕೂರುವ ನಾಲ್ಕು ಕಡೆ ಸಣ್ಣ ರಬ್ಬರ್ ಬಟನ್ ಅಂಟಿಸಿದರೆ ತಟ್ಟೆಗೂ ಮರಕ್ಕೂ ನಡುವೆ ಗಾಳಿ ಆಡುತ್ತದೆ. ನೀರು ಹಾಕಿ ಅರ್ಧ ಗಂಟೆಯ ಮೇಲೆ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಹೆಚ್ಚಿನ ಗಿಡಗಳ ಬೇರಿಗೂ ಅದೇ ಒಳ್ಳೆಯದು.

ಕೊನೆಗೆ ಹಳೆಯ ಸ್ಟ್ಯಾಂಡ್. ಸುಮ್ನೆ ಎಸೆಯಬೇಡಿ. ಮೊಳೆಗಳನ್ನೆಲ್ಲ ಕಿತ್ತು, ಮರವನ್ನು ಎರಡು ವಾರ ಒಣಗಲು ಬಿಡಿ. ಆಮೇಲೆ ಪಾದದ ಕಡೆಯಿಂದ ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತುತ್ತಾ ಮೇಲೆ ಬನ್ನಿ. ಎಲ್ಲಿ ತುದಿ ಸಲೀಸಾಗಿ ಇಳಿಯುತ್ತದೋ ಅಲ್ಲಿಯವರೆಗೆ ಕೊಳೆತಿದೆ. ಗಟ್ಟಿ ಸಿಕ್ಕ ಮೇಲೂ ಇನ್ನೂ 5 ಸೆಂ.ಮೀ. ಬಿಟ್ಟು ಕೊಯ್ಯಿರಿ, ಕಣ್ಣಿಗೆ ಕಾಣದ ಎಳೆಗಳು ಮುಂದೆ ಹಬ್ಬಿರುತ್ತವೆ. ಉಳಿದದ್ದು ಕಾಲಿಗೆ ಗಿಡ್ಡವಾಗಬಹುದು. ಆದರೆ ಅಡ್ಡಪಟ್ಟಿಗೆ ಬೇಕಿರುವುದು 26 ಸೆಂ.ಮೀ. ತುಂಡು ಎರಡೇ. ರೀಪು 40 ಮಿ.ಮೀ. ಅಗಲ ಇದ್ದು, ಮೊಳೆಯ ತೂತುಗಳು ನಡುವಿನ ಕಚ್ಚಿನ ಹತ್ತಿರ ಬಾರದಿದ್ದರೆ, ಅವೆರಡೂ ನಿಮ್ಮ ಹಳೆಯ ಸ್ಟ್ಯಾಂಡಿನಿಂದಲೇ ಸಿಗುತ್ತವೆ.